ಹಳೇ ಕಾರಿನ ಕ್ರೋಮ್ ಪಟ್ಟಿ: ಎಳೆಯುವ ಮುಂಚೆ ಒಳಗೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಪ್ಪನ ಕಾಲದ ಅಂಬಾಸಿಡರೋ, ಪ್ರೀಮಿಯರ್ ಪದ್ಮಿನಿಯೋ ಶೆಡ್ಡಿನಲ್ಲಿ ಇಟ್ಟುಕೊಂಡವರು ನಿಮ್ಮಲ್ಲಿ ಇನ್ನೂ ಬಹಳ ಜನ ಇದ್ದೀರಿ. ಒಂದಲ್ಲ ಒಂದು ದಿನ ಅದಕ್ಕೆ ಹೊಸದಾಗಿ ಪೇಂಟ್ ಮಾಡಿಸೋಣ ಅನ್ನಿಸುತ್ತದೆ. ಆಗ ಬಾಗಿಲಿನ ಮೇಲಿರುವ ಹೊಳೆಯುವ ಪಟ್ಟಿ, ಅಂದರೆ ಗ್ಯಾರೇಜಿನವರು ಬೀಡಿಂಗ್ ಅನ್ನುತ್ತಾರಲ್ಲ, ಅದನ್ನು ಬಿಚ್ಚಲೇಬೇಕು. ಟೇಪ್ ಅಂಟಿಸಿ ಪೇಂಟ್ ಹೊಡೆದರೆ ನಡೆಯಲ್ವಾ ಅಂತ ಕೇಳುತ್ತಾರೆ. ನಡೆಯಲ್ಲ. ತುಕ್ಕು ಇರುವುದೇ ಪಟ್ಟಿಯ ಅಡಿಯಲ್ಲಿ. ಅದನ್ನು ಹಾಗೇ ಮುಚ್ಚಿದರೆ ಮುಂದಿನ ಮಳೆಗಾಲಕ್ಕೆ ಹೊಸ ಪೇಂಟ್ ಗುಳ್ಳೆ ಏಳುತ್ತದೆ.

ಇವತ್ತು ನಾನು ಹೇಳುವುದು ಒಂದೇ ಮಾತು. ಪಟ್ಟಿಯನ್ನು ಹೊರಗಿಂದ ಎಳೆಯಬೇಡಿ. ಮೊದಲು ಒಳಗೆ ನೋಡಿ.

ಒಳಗೆ ಅಂದರೆ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಮೈಗೆ ಹಾಕಿರುವ ಹೊದಿಕೆ, ಅದನ್ನು ಬಿಚ್ಚಿ ನೋಡಿ. ಗಾಜು ಏರಿಸುವ ಹಿಡಿ ಇದೆಯಲ್ಲ, ಅದರ ಬುಡದಲ್ಲಿ ಪ್ಯಾಡನ್ನು ಸ್ವಲ್ಪ ಒತ್ತಿದರೆ ಸಣ್ಣ ಪಿನ್ನೋ ಕ್ಲಿಪ್ಪೋ ಕಾಣುತ್ತದೆ. ಅದನ್ನು ತೆಗೆದರೆ ಹಿಡಿ ಕೈಗೆ ಬರುತ್ತದೆ. ಪ್ಯಾಡ್ ತೆಗೆದು ಟಾರ್ಚ್ ಬಿಡಿ. ಪಟ್ಟಿ ಯಾವುದರ ಮೇಲೆ ನಿಂತಿದೆ ಅಂತ ಆಗ ಗೊತ್ತಾಗುತ್ತದೆ. ಬರೀ ಕ್ಲಿಪ್ಪಾ, ಬೋಲ್ಟಿಗೆ ನಟ್ ಇದೆಯಾ, ಸ್ಕ್ರೂ ಇದೆಯಾ, ನಿಮ್ಮ ಕಣ್ಣೇ ಹೇಳುತ್ತದೆ.

ತಿಪಟೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಪದ್ಮಿನಿ ಇತ್ತು. ತಿಳಿ ನೀಲಿ ಬಣ್ಣ. ಭಾನುವಾರ ಬಂತೆಂದರೆ ಒರೆಸಿ ಒರೆಸಿ ಇಡುತ್ತಿದ್ದರು. ಮಗ ಬೆಂಗಳೂರಿನಲ್ಲಿ ಕೆಲಸ. ದೀಪಾವಳಿಗೆ ಊರಿಗೆ ಬಂದವನು, ಅಪ್ಪ ಸಂಬಂಧಿಕರ ಮನೆಗೆ ಹೋಗಿದ್ದಾಗ ಕಾರಿಗೆ ಪೇಂಟ್ ಮಾಡಿಸಿಬಿಡೋಣ ಅಂತ ಹೊರಟ. ಒಳ್ಳೇ ಹುಡುಗ, ಉದ್ದೇಶವೂ ಒಳ್ಳೆಯದೇ. ಆದರೆ ಕೈಗೆ ತೆಗೆದುಕೊಂಡದ್ದು ಅಡುಗೆಮನೆ ಡ್ರಾಯರಿನಲ್ಲಿದ್ದ ಚಪ್ಪಟೆ ಸ್ಕ್ರೂಡ್ರೈವರ್! ಅದನ್ನು ಪಟ್ಟಿಯ ಸರಿ ನಡುವಿಗೆ ತೂರಿಸಿ ಮೀಟಿದ. ಎರಡು ಕ್ಲಿಪ್ ಟಪ್ ಟಪ್ ಅಂತ ಬಿಟ್ಟವು. ಹುರುಪು ಬಂತು, ಎಳೆದ. ತುದಿ ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಪಟ್ಟಿ ನಡುವೆ ಮಡಚಿತು. ಬಾಗಿಲಿನ ತಗಡೂ ತುದಿಯಲ್ಲಿ ಹರಿಯಿತು.

ಯಾಕೆ ಅಂತೀರಾ? ಹಿಂದೆ ಯಾವಾಗಲೋ, ಯಾರೋ ಕ್ಲಿಪ್ ಸಿಗದೆ ತುದಿಗೆ ಬೋಲ್ಟ್ ಕೂರಿಸಿ ಒಳಗಿಂದ ನಟ್ ಬಿಗಿದಿದ್ದರು. ನಮ್ಮ ಕಡೆ ಇಂಥ ಉಪಾಯಗಳಿಗೆ ಬರವಿಲ್ಲ. ಕಂಪನಿ ಪುಸ್ತಕದಲ್ಲಿ ಅದು ಇರುತ್ತದಾ? ಇರಲ್ಲ. ಒಳಗೆ ನೋಡಿದ್ದರೆ ಒಂದು ಸ್ಪ್ಯಾನರಿನ ಕೆಲಸ.

ಆಮೇಲೆ ಶುರುವಾಯಿತು ಹುಡುಕಾಟ. ಮಡಚಿದ ಪಟ್ಟಿ ನೆಟ್ಟಗಾಗಲ್ಲ ಸ್ವಾಮಿ. ಎಷ್ಟು ತಟ್ಟಿದರೂ ಬೆಳಕು ಬಿದ್ದಾಗ ಆ ಗೆರೆ ಎದ್ದು ಕಾಣುತ್ತದೆ. ಹುಡುಗ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದ. ಶಿವಾಜಿನಗರದ ಗುಜರಿಯಲ್ಲಿ ಒಂದು ಸಿಕ್ಕಿತು, ಮನೆಗೆ ತಂದು ನೋಡಿದರೆ ಹಿಂದಿನ ಬಾಗಿಲಿನದು. ಪದ್ಮಿನಿ ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳೂ 2023ರಲ್ಲಿ ರಸ್ತೆಯಿಂದ ಇಳಿದವು. ಇನ್ನು ಬಿಡಿಭಾಗ ಮಾಡುವವರು ಯಾರಿಗಾಗಿ ಮಾಡಬೇಕು? ಮೇಷ್ಟ್ರು ಬಂದು ನೋಡಿ ಬೈಯಲೂ ಇಲ್ಲ. "ಏನಪ್ಪಾ, ಪ್ರಶ್ನೆಪತ್ರಿಕೆ ಓದದೇ ಉತ್ತರ ಬರೆದ್ಯಾ?" ಅಂದರಂತೆ, ಅಷ್ಟೇ. ಕೊನೆಗೆ ಆ ಕಾರಿಗೆ ಪಟ್ಟಿಯೇ ಇಲ್ಲದೆ ಪೇಂಟ್ ಆಯಿತು. ಈಗಲೂ ಹಾಗೇ ಓಡಾಡುತ್ತಿದೆ.

ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ನಟ್ ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ನಟ್ ತೆಗೆದ ಮೇಲೆ ಪೇಂಟಿನ ಮೇಲೆ ಟೇಪ್ ಅಂಟಿಸಿ, ಮರದ ಅಥವಾ ಪ್ಲಾಸ್ಟಿಕ್ ಚಕ್ಕೆಯಿಂದ ಒಂದೊಂದೇ ಕ್ಲಿಪ್ಪಿನ ಪಕ್ಕದಲ್ಲಿ ಮೆಲ್ಲಗೆ ಎಬ್ಬಿಸಿ. ಪಟ್ಟಿಯ ಹಿಂದೆ ಎಡ, ಬಲ, ಮುಂದೆ, ಹಿಂದೆ ಅಂತ ಬರೆದಿಡಿ. ಫೋನಿನಲ್ಲಿ ಫೋಟೋ ತೆಗೆಯಿರಿ. ಮುಂದಿನ ಗಾಜಿನ ಸುತ್ತ ಇರುವ ಪಟ್ಟಿ ಬೇರೆ ವಿಷಯ. ಅದು ರಬ್ಬರಿನ ಸೀಳಿನಲ್ಲಿ ಕೂತಿರುತ್ತದೆ. ಅದಕ್ಕೆ ಕೈ ಹಾಕಬೇಡಿ, ಗಾಜಿನ ಕೆಲಸ ಗೊತ್ತಿರುವವರಿಗೆ ಬಿಡಿ.

ಉಜ್ಜುವುದಕ್ಕೆ ಎಮರಿ ಕಾಗದ ಬೇಡವೇ ಬೇಡ. ಕ್ರೋಮಿನ ಪದರ ಒಂದು ಮೈಕ್ರಾನಿಗಿಂತ ತೆಳು. ಅದರ ಅಡಿಯಲ್ಲಿರುವುದು ನಿಕ್ಕಲ್. ನಾಲ್ಕು ಸಲ ಉಜ್ಜಿದರೆ ಕ್ರೋಮ್ ಹೋಯಿತು ಅಂತಲೇ ಲೆಕ್ಕ. ತಿಂಡಿ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿ. ಸಣ್ಣ ತುಕ್ಕಿನ ಚುಕ್ಕೆ ಅದಕ್ಕೇ ಹೋಗುತ್ತದೆ. ಹೊಳೆಯುವುದೆಲ್ಲ ಕ್ರೋಮ್ ಅಲ್ಲ, ಅದೂ ಗೊತ್ತಿರಲಿ. ಬಂಪರು ಕ್ರೋಮ್ ಹಾಕಿದ ಕಬ್ಬಿಣ. ಬಾಗಿಲಿನ ಪಟ್ಟಿ ಎಷ್ಟೋ ಸಲ ಸ್ಟೀಲೋ ಅಲ್ಯೂಮಿನಿಯಮ್ಮೋ ಆಗಿರುತ್ತದೆ. ಅಯಸ್ಕಾಂತ ಅಂಟದಿದ್ದರೆ ಅದು ಕ್ರೋಮ್ ಹಾಕಿದ ಕಬ್ಬಿಣ ಅಲ್ಲ. ಅಂಟಿದರೆ ಕಬ್ಬಿಣವೇ ಅಂತ ಹೇಳಲಾಗದು, ಕೆಲವು ಸ್ಟೀಲಿಗೂ ಅದು ಅಂಟುತ್ತದೆ.

ತಿರುಗಿ ಹಾಕುವಾಗ ಹಳೇ ಕ್ಲಿಪ್ ಬೇಡ, ಹೊಸದು ತನ್ನಿ. ತೂತಿನ ಅಂಚಿಗೂ ಪ್ರೈಮರ್, ಪೇಂಟ್ ಮುಟ್ಟಿಸಿ, ಸ್ವಲ್ಪ ಗ್ರೀಸ್ ಸವರಿ. ಒಂದು ತುದಿಯಿಂದ ಶುರು ಮಾಡಿ ಅಂಗೈಯಲ್ಲಿ ಒತ್ತುತ್ತಾ ಹೋಗಿ. ಸುತ್ತಿಗೆ ಮುಟ್ಟಬೇಡಿ. ಎಲ್ಲಾದರೂ ಕೂರದಿದ್ದರೆ ಗುದ್ದಬೇಡಿ, ಮತ್ತೆ ಒಳಗೆ ನೋಡಿ. ಕ್ಲಿಪ್ ಓರೆಯಾಗಿರುತ್ತದೆ, ಅಷ್ಟೇ. ನಟ್ ಪೂರ್ತಿ ಬಿಗಿಯುವ ಮುಂಚೆ ಎರಡೂ ಬಾಗಿಲು ಮುಚ್ಚಿ, ಪಟ್ಟಿಗಳು ಒಂದೇ ಸಾಲಿನಲ್ಲಿ ಇವೆಯಾ ಅಂತ ದೂರ ನಿಂತು ನೋಡಿ. ಸರಿಯಿದ್ದರೆ ಬಿಗಿಯಿರಿ. ಡೋರ್ ಪ್ಯಾಡ್ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ನಮಸ್ಕಾರ.