ಹಳೇ ಕಂಪ್ಯೂಟರಿನ ಫೈಲು ಬರಲಿ, ಹೊಸದರ ಬೀಗ ಹಾಗೇ ಇರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್ ಇವೆ ಅಂದುಕೊಳ್ಳಿ. ಒಂದು ಹಳೆಯದು. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ. ಹದಿನೈದು ವರ್ಷದ ಫೋಟೋ, ಪತ್ರ, ಲೆಕ್ಕ ಎಲ್ಲ ಅದರ ಹೊಟ್ಟೆಯಲ್ಲೇ ಇದೆ. ಇನ್ನೊಂದು ಹೊಸ ಲ್ಯಾಪ್‌ಟಾಪ್. ಎರಡೂ ಒಂದೇ ರೂಟರಿಗೆ ಸೇರಿವೆ. ಎರಡರ ನಡುವೆ ಇರುವುದು ನಾಲ್ಕು ಹೆಜ್ಜೆ. ಆದರೂ ಇದರ ಫೈಲು ಅದಕ್ಕೆ ಹೋಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್ ಅನ್ನುವ ಕಿಟಕಿ ತೆರೆದರೆ ಹಳೆಯದರ ಹೆಸರೇ ಕಾಣುವುದಿಲ್ಲ.

ಆಗ ಎಲ್ಲರೂ ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಾರೆ. ಸಲಹೆಗೇನೂ ಬರವಿಲ್ಲ. ಎಸ್‌ಎಂಬಿ ಒಂದು ಅನ್ನುವುದನ್ನು ಆನ್ ಮಾಡಿ. ಹೊರಗಿನವರನ್ನು ತಡೆಯುವ ಫೈರ್‌ವಾಲ್ ಆಫ್ ಮಾಡಿ. ಪಾಸ್‌ವರ್ಡ್ ಕೇಳದ ಹಾಗೆ ಮಾಡಿ. ಹೀಗೆ ಮಾಡಿದರೆ ಎಷ್ಟೋ ಸಲ ಫೈಲು ಬಂದೂ ಬಿಡುತ್ತದೆ. ಸದ್ಯ, ಕೆಲಸ ಆಯ್ತಲ್ಲ ಅಂತ ಎದ್ದು ಹೋಗುತ್ತೇವೆ. ತೆಗೆದ ಬೀಗವನ್ನು ಮತ್ತೆ ಹಾಕುವುದು ಯಾರಿಗೂ ನೆನಪಿರುವುದಿಲ್ಲ.

ನಾನು ಇವತ್ತು ಹೇಳಲು ಬಂದಿರುವುದು ಒಂದೇ ಮಾತು. ಹಳೆಯದಕ್ಕೋಸ್ಕರ ಹೊಸ ಕಂಪ್ಯೂಟರಿನ ಬೀಗ ತೆಗೆಯಬೇಡಿ. ಬೇಕಾದರೆ ಹಳೆಯದನ್ನು ಮೇಲಕ್ಕೆತ್ತಿ. ಹೊಸದನ್ನು ಕೆಳಕ್ಕೆ ಇಳಿಸಬೇಡಿ.

ಯಾಕೆ ಅಂತ ಹೇಳುತ್ತೇನೆ. ಎರಡು ಕಂಪ್ಯೂಟರ್ ಫೈಲು ಹಂಚಿಕೊಳ್ಳಬೇಕಾದರೆ ಎರಡಕ್ಕೂ ಗೊತ್ತಿರುವ ಒಂದು ಭಾಷೆ ಬೇಕು. ವಿಂಡೋಸಿನ ಮಟ್ಟಿಗೆ ಆ ಭಾಷೆಯ ಹೆಸರು ಎಸ್‌ಎಂಬಿ. ಅದು ಹುಟ್ಟಿದ್ದು 1983ರಲ್ಲಿ, ಐಬಿಎಂ ಕಂಪನಿಯಲ್ಲಿ. ಆಮೇಲೆ ಮೈಕ್ರೋಸಾಫ್ಟ್ ಅದನ್ನು ಬೆಳೆಸಿತು. ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ಅದಕ್ಕೆ ಗೊತ್ತಿರುವುದು ಈ ಭಾಷೆಯ ಮೊದಲನೇ ಆವೃತ್ತಿ, ಅಂದರೆ ಎಸ್‌ಎಂಬಿ ಒಂದು ಮಾತ್ರ. ಆಮೇಲೆ ವಿಂಡೋಸ್ ವಿಸ್ಟಾ ಬಂದಾಗ ಎರಡನೆಯದು ಬಂತು. 2012ರಲ್ಲಿ ವಿಂಡೋಸ್ 8 ಜೊತೆ ಮೂರನೆಯದು ಬಂತು.

ಎರಡು ಕಂಪ್ಯೂಟರ್ ಭೇಟಿಯಾದಾಗ ಮೊದಲು ನಡೆಯುವುದೇ ಈ ವಿಚಾರಣೆ. ನಿನಗೆ ಯಾವ ಯಾವ ಆವೃತ್ತಿ ಬರುತ್ತದೆ ಅಂತ ಒಂದು ಕೇಳುತ್ತದೆ. ಇಬ್ಬರಿಗೂ ಬರುವುದರಲ್ಲಿ ಯಾವುದು ಹೊಸದೋ ಅದರಲ್ಲಿ ಮಾತು ಶುರುವಾಗುತ್ತದೆ. ಎಕ್ಸ್‌ಪಿ ಹೇಳುತ್ತದೆ, ನನಗೆ ಒಂದನೆಯದು ಮಾತ್ರ ಬರುತ್ತದೆ ಅಂತ. ಹೊಸ ವಿಂಡೋಸ್ ಹೇಳುತ್ತದೆ, ಒಂದನೆಯದರಲ್ಲಿ ನಾನು ಮಾತಾಡುವುದಿಲ್ಲ ಅಂತ. ಅಲ್ಲಿಗೆ ಮಾತು ನಿಂತಿತು. ಕೇಬಲ್ ಸರಿಯಿದೆ, ರೂಟರ್ ಸರಿಯಿದೆ, ಯಾವುದೂ ಕೆಟ್ಟಿಲ್ಲ. ಸುಮ್ನೆ ಕೇಬಲ್ ಕಿತ್ತು ಕಿತ್ತು ಹಾಕಬೇಡಿ.

ಹೊಸದು ಯಾಕೆ ಇಷ್ಟು ಹಟ ಮಾಡುತ್ತದೆ? 2017ರ ಮೇ 12ರಂದು ವಾನ್ನಾಕ್ರೈ ಅನ್ನುವ ಹಾವಳಿ ಶುರುವಾಯಿತು. ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿ ಕಂಪ್ಯೂಟರುಗಳ ಫೈಲುಗಳಿಗೆಲ್ಲ ಬೀಗ ಜಡಿದು, ದುಡ್ಡು ಕೊಟ್ಟರೆ ಬಿಡುತ್ತೇವೆ ಅಂತ ತೆರೆಯ ಮೇಲೆ ಬರೆದರು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾಯಿತು. ಅದು ಒಳಗೆ ನುಗ್ಗಿದ್ದು ಇದೇ ಎಸ್‌ಎಂಬಿ ಒಂದರಲ್ಲಿದ್ದ ಒಂದು ತೂತಿನಿಂದ. ಯಾರೂ ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ. ನೆಟ್‌ವರ್ಕಿನಲ್ಲಿ ಒಂದು ಕಂಪ್ಯೂಟರಿಗೆ ಬಂದರೆ ಪಕ್ಕದ್ದಕ್ಕೆ ಅದೇ ದಾಟಿಕೊಳ್ಳುತ್ತಿತ್ತು. ಆ ತೂತು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮುಂಚೆ, ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಜಾಸ್ತಿ ಇದ್ದರು.

ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದ, ಹೊಸದಾಗಿ ಹಾಕಿದ ಕಂಪ್ಯೂಟರಿನಲ್ಲಿ ಈ ಮೊದಲ ಆವೃತ್ತಿ ಇರುವುದಿಲ್ಲ, ಇಲ್ಲವೇ ಬಳಸದೇ ಬಿಟ್ಟರೆ ಕೆಲವು ದಿನದಲ್ಲಿ ತಾನೇ ಹೊರಟುಹೋಗುತ್ತದೆ. ವಿಂಡೋಸಿನ ಬದಲು ಬಳಸುವ ಲಿನಕ್ಸ್ ಅನ್ನುವುದಿದೆ, 2019ರಲ್ಲಿ ಅದರ ಕಡೆಯವರೂ ಹೀಗೇ ಮಾಡಿದರು. ಅಂದರೆ ನಿಮ್ಮ ಲ್ಯಾಪ್‌ಟಾಪ್ ಹಾಳಾಗಿಲ್ಲ. ಬೇಕು ಅಂತಲೇ ಆ ಬಾಗಿಲಿಗೆ ಬೀಗ ಹಾಕಿಕೊಂಡಿದೆ.

ಈಗ ನಿಮಗೆ ನಮ್ಮ ಮೇಷ್ಟ್ರ ವಿಷಯ ಹೇಳಬೇಕು. ನನಗೆ ಗಣಿತ ಕಲಿಸಿದವರು. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, "ಸ್ವಲ್ಪ ಬಂದು ಹೋಗಪ್ಪಾ, ಎರಡು ಕಂಪ್ಯೂಟರ್ ಒಂದಕ್ಕೊಂದು ಮಾತಾಡ್ತಾ ಇಲ್ಲ" ಅಂದರು. ಹೋದೆ. ಅವರದ್ದು 2004ರ ಎಕ್ಸ್‌ಪಿ ಡಬ್ಬ. ಬಟನ್ ಒತ್ತಿದರೆ ಫ್ಯಾನು ಮೊದಲು ಗುರ್ ಅಂದು ಆಮೇಲೆ ಸುಮ್ಮನಾಗುತ್ತದೆ. ಗಡಿಯಾರ 2002ರ ಜನವರಿ 1 ಅಂತ ತೋರಿಸುತ್ತಿತ್ತು. ಒಳಗೆ ಗುಂಡಿಯಷ್ಟು ದೊಡ್ಡ ಬ್ಯಾಟರಿ ಇರುತ್ತದೆ, ಅದು ಸತ್ತರೆ ಹೀಗಾಗುತ್ತದೆ. ಪಕ್ಕದಲ್ಲಿ ಮೊಮ್ಮಗನ ಕಡೆಯಿಂದ ಬಂದ ಹೊಸ ಲ್ಯಾಪ್‌ಟಾಪ್.

ಮೊಮ್ಮಗ ರಾತ್ರಿಯೆಲ್ಲ ಕೂತಿದ್ದನಂತೆ. ಜಾಣ ಹುಡುಗ. ಆದರೆ ಸಿಕ್ಕ ಸಲಹೆಯನ್ನೆಲ್ಲ ಒಂದರ ಮೇಲೊಂದು ಪಾಲಿಸಿದ್ದ. ಲ್ಯಾಪ್‌ಟಾಪಿನಲ್ಲಿ ಎಸ್‌ಎಂಬಿ ಒಂದು ಆನ್. ಫೈರ್‌ವಾಲ್ ಆಫ್. ಪಾಸ್‌ವರ್ಡ್ ಕೇಳುವ ಸೆಟ್ಟಿಂಗ್ ಆಫ್. ಮುಂಬಾಗಿಲು, ಹಿಂಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟ ಮನೆಯ ಹಾಗಿತ್ತು. ಇಷ್ಟಾಗಿಯೂ ಫೈಲು ಬಂದಿರಲಿಲ್ಲ.

ನಾನು ಮೊದಲು ಎಲ್ಲ ಬೀಗವನ್ನೂ ವಾಪಸ್ ಹಾಕಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗುವಾಗ ಮೇಷ್ಟ್ರು ಕೇಳಿದರು. "ಎರಡೂ ಒಂದೇ ಕಂಪನಿಯ ವಿಂಡೋಸ್ ತಾನೆ? ಮಾತಾಡೋಕೆ ಏನು ಕಷ್ಟ?" ಒಳ್ಳೆಯ ಪ್ರಶ್ನೆ. ನಾನು ಹೇಳಿದೆ, "ಮೇಷ್ಟ್ರೇ, ಹಳೆಯದು ನಿಮ್ಮ ಡಬ್ಬ ಅಲ್ಲ, ಅದರೊಳಗಿನ ವಿಂಡೋಸು. ಡಬ್ಬಕ್ಕೆ ಹೊಸ ಭಾಷೆ ಕಲಿಸೋಣ." ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ನನ್ನ ಹತ್ತಿರ ಒಂದು ಸೀಡಿ ಇತ್ತು. ಅದರಲ್ಲಿ ಚಿಕ್ಕ ಲಿನಕ್ಸ್, 32 ಬಿಟ್ ಅನ್ನುವ ಹಳೇ ಮಾದರಿಯ ಕಂಪ್ಯೂಟರಿಗೆ ಹೊಂದುವಂಥದ್ದು. ಅದನ್ನು ಹಳೇ ಡಬ್ಬಕ್ಕೆ ಹಾಕಿ, ಸೀಡಿಯಿಂದಲೇ ಶುರುವಾಗುವಂತೆ ಮಾಡಿದೆ. ಹಾರ್ಡ್ ಡಿಸ್ಕಿನಲ್ಲಿದ್ದ ಎಕ್ಸ್‌ಪಿ ಏಳಲೇ ಇಲ್ಲ, ಮಲಗಿತ್ತು. ಸೀಡಿಯ ಲಿನಕ್ಸ್ ಎದ್ದು ಕೂತಿತು. ಈ ಲಿನಕ್ಸಿಗೆ ಎಸ್‌ಎಂಬಿ ಮೂರು ಚೆನ್ನಾಗಿ ಬರುತ್ತದೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಲಿನಕ್ಸಿಗೆ ವಿಂಡೋಸಿನ ಭಾಷೆ ಬರುವುದು ಸಾಂಬಾ ಅನ್ನುವ ತಂಡದ ದುಡಿಮೆಯಿಂದ. 1990ರ ದಶಕದ ಶುರುವಿನಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಅದನ್ನು ಆರಂಭಿಸಿದರು. ತಂತಿಯಲ್ಲಿ ಹೋಗಿಬರುವ ಮಾತನ್ನೇ ಕದ್ದು ಕೇಳಿ, ಈ ಪದಕ್ಕೆ ಹೀಗೆ ಅರ್ಥ ಅಂತ ಒಂದೊಂದಾಗಿ ಬಿಡಿಸಿದರು. ಎಸ್, ಎಂ, ಬಿ ಮೂರೂ ಇರುವ ಪದ ಪದಕೋಶದಲ್ಲಿ ಹುಡುಕಿದಾಗ ಸಿಕ್ಕಿದ ಹೆಸರು ಸಾಂಬಾ. ಇವತ್ತು ಎಷ್ಟೋ ಮನೆಗಳ ನೆಟ್‌ವರ್ಕ್ ಡಿಸ್ಕಿನೊಳಗೆ ಕೆಲಸ ಮಾಡುತ್ತಿರುವುದು ಅದೇ. ಇಂಥ ಕೆಲಸ ನೋಡಿದರೆ ನನಗೆ ಬಹಳ ಗೌರವ.

ಸರಿ, ಮೇಷ್ಟ್ರ ಮನೆಗೆ ಬರೋಣ. ಡಬ್ಬಕ್ಕೆ ವೈಫೈ ಇರಲಿಲ್ಲ, ಲ್ಯಾನ್ ಕೇಬಲಿನಿಂದ ರೂಟರಿಗೆ ಸೇರಿಸಿದೆ. ಗಡಿಯಾರವನ್ನು ಸರಿಯಾದ ದಿನಕ್ಕೆ ತಂದೆ. ಸಮಯ ತುಂಬಾ ಹಿಂದಿದ್ದರೆ ಸರಿಯಾದ ಪಾಸ್‌ವರ್ಡನ್ನೂ ಹೊಸ ಕಂಪ್ಯೂಟರ್ ಒಪ್ಪದೇ ಇರಬಹುದು. ಹಳೇ ಡಿಸ್ಕನ್ನು ಓದುವುದಕ್ಕೆ ಮಾತ್ರ ತೆರೆದೆ, ಬರೆಯುವುದಕ್ಕೆ ಅಲ್ಲ. ಇದು ಬಹಳ ಮುಖ್ಯ. ಅಷ್ಟು ಹಳೆಯ ಡಿಸ್ಕಿನ ಮೇಲೆ ಒಂದು ಅಕ್ಷರವೂ ಹೊಸದಾಗಿ ಬೀಳಬಾರದು. ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ಮಾಡಿದೆ. ಅದಕ್ಕೆಂದೇ ಒಂದು ಬೇರೆ ಖಾತೆ, ಅದಕ್ಕೊಂದು ಪಾಸ್‌ವರ್ಡ್. ಆ ಫೋಲ್ಡರ್ ಒಂದನ್ನೇ ಶೇರ್ ಮಾಡಿದೆ. ಹಳೇ ಡಬ್ಬದಿಂದ ಅಲ್ಲಿಗೆ ಹೋದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ, ಬಾಗಿಲು ತೆರೆಯಿತು. ಒಂದೇ ಬಾಗಿಲು, ಬೀಗದ ಕೈ ಇರುವ ಬಾಗಿಲು.

"ಮೊದಲು ಫೋಟೋ ಕಳಿಸಲಾ?" ಅಂದೆ. "ಬೇಡ, ಮಳೆ ಲೆಕ್ಕ ಕಳಿಸು" ಅಂದರು. ಮೇಷ್ಟ್ರು ಮಹಡಿಯ ಮೇಲೆ ಮಳೆ ಅಳೆಯುವ ಕೊಳವೆ ಇಟ್ಟಿದ್ದಾರೆ. ಹನ್ನೊಂದು ವರ್ಷ, ಪ್ರತಿ ಬೆಳಿಗ್ಗೆ, ಎಷ್ಟು ಮಿಲಿಮೀಟರ್ ಅಂತ ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆದಿದ್ದಾರೆ. ಮಳೆ ಬಾರದ ದಿನಕ್ಕೂ ಸೊನ್ನೆ ಹಾಕಿದ್ದಾರೆ, ಒಂದು ಚೌಕವನ್ನೂ ಖಾಲಿ ಬಿಟ್ಟಿಲ್ಲ. ಇಡೀ ಫೈಲು ಒಂದು ಫೋಟೋಕ್ಕಿಂತ ಚಿಕ್ಕದು. ಕಣ್ಣು ಮಿಟುಕಿಸುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿತ್ತು. ಅವರು ಅದನ್ನು ತೆರೆದು, ಕೊನೆಯ ಸಾಲಿಗೆ ಇಳಿದು, ಜೇಬಿನಿಂದ ಒಂದು ಚೀಟಿ ತೆಗೆದರು. ಡಬ್ಬ ಕೈಕೊಟ್ಟ ದಿನಗಳ ಮಳೆಯನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು. ಅಲ್ಲೇ ಕೂತು ಒಂದೊಂದಾಗಿ ತುಂಬಿದರು.

ಫೋಟೋಗಳಿಗೆ ಮಾತ್ರ ಹೊತ್ತು ಹಿಡಿಯಿತು. ಒಟ್ಟು 40 ಜಿಬಿ. ಹಳೇ ಕಂಪ್ಯೂಟರುಗಳ ಲ್ಯಾನ್ ಹೆಚ್ಚಾಗಿ 100 ಮೆಗಾಬಿಟ್‌ನದ್ದು. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 11 ಅಥವಾ 12 ಎಂಬಿ. ಎಲ್ಲ ಸರಿಯಿದ್ದರೂ ಒಂದು ಗಂಟೆ ಬೇಕು. ನಮಗೆ ಎರಡು ಗಂಟೆ ಆಯಿತು. ನಿಂತುಹೋಗಿದೆ ಅಂತ ಮಧ್ಯದಲ್ಲಿ ಬಟನ್ ಒತ್ತಬೇಡಿ, ದಯವಿಟ್ಟು ಕಾಯಿರಿ.

ಮೇಷ್ಟ್ರ ವಿಷಯದಲ್ಲೇ ಅರ್ಧಕ್ಕಿಂತ ಜಾಸ್ತಿ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ, ಕಾಗದ ಪೆನ್ನು ಇದ್ದರೆ ಬರೆದುಕೊಳ್ಳಿ.

ನಿಮ್ಮ ಹಳೆಯದು ವಿಂಡೋಸ್ 7 ಆಗಿದ್ದರೆ ಸೀಡಿಯೂ ಬೇಡ, ಲಿನಕ್ಸೂ ಬೇಡ. ಅದಕ್ಕೆ ಎರಡನೇ ಆವೃತ್ತಿ ಬರುತ್ತದೆ, ಹೊಸದರ ಜೊತೆ ಮಾತಾಡುತ್ತದೆ. ಎಸ್‌ಎಂಬಿ ಒಂದರ ಮಾತೇ ಎತ್ತಬೇಡಿ. ನೆಟ್‌ವರ್ಕ್ ಕಿಟಕಿಯಲ್ಲಿ ಹೆಸರು ಕಾಣದಿದ್ದರೆ ಹೆದರಬೇಡಿ. ಹೆಸರು ಕಾಣಿಸುವ ವ್ಯವಸ್ಥೆ ಬೇರೆ, ಫೈಲು ಕೊಡುವ ವ್ಯವಸ್ಥೆ ಬೇರೆ. ಹಳೆಯದರಲ್ಲಿ ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿ ತೆರೆಯಿರಿ. ಐ, ಪಿ, ಸಿ, ಓ, ಎನ್, ಎಫ್, ಐ, ಜಿ ಅಂತ ಒಂದೇ ಪದವಾಗಿ ಟೈಪ್ ಮಾಡಿ ಎಂಟರ್ ಒತ್ತಿ. ಐಪಿವಿ4 ಅಡ್ರೆಸ್ ಅನ್ನುವ ಸಾಲಿನ ಮುಂದೆ 192.168 ಅಂತ ಶುರುವಾಗುವ ಒಂದು ಅಂಕಿ ಸಾಮಾನ್ಯವಾಗಿ ಇರುತ್ತದೆ. ಅದೇ ಅದರ ವಿಳಾಸ. ಹೊಸದರಲ್ಲಿ ಯಾವುದಾದರೂ ಫೋಲ್ಡರ್ ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ, ಆಮೇಲೆ ಆ ಅಂಕಿ ಹಾಕಿ. ಬ್ಯಾಕ್‌ಸ್ಲ್ಯಾಷ್ ಅಂದರೆ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿಯುವ ಗೆರೆ. ತುಂಬಾ ಜನ ಇದನ್ನು ಉಲ್ಟಾ ಹಾಕುತ್ತಾರೆ.

ಎರಡರಲ್ಲೂ ನೆಟ್‌ವರ್ಕನ್ನು ಮನೆಯದು ಅಂತ ಗುರುತು ಮಾಡಿ. ವಿಂಡೋಸ್ 7ರಲ್ಲಿ ಹೋಮ್ ಅಂತ ಇರುತ್ತದೆ, ಹೊಸದರಲ್ಲಿ ಪ್ರೈವೇಟ್ ಅಂತ ಇರುತ್ತದೆ. ಪಬ್ಲಿಕ್ ಅಂತ ಇದ್ದರೆ ಫೈರ್‌ವಾಲ್ ಯಾರನ್ನೂ ಒಳಗೆ ಬಿಡುವುದಿಲ್ಲ. ಈ ಒಂದು ಸೆಟ್ಟಿಂಗ್ ಬದಲಾಯಿಸಿದರೆ ಸಾಕು, ಫೈರ್‌ವಾಲನ್ನೇ ಆಫ್ ಮಾಡುವ ಅಗತ್ಯ ಇಲ್ಲ. ಒಂದು ಕಂಪ್ಯೂಟರ್ ಗೆಸ್ಟ್ ವೈಫೈಯಲ್ಲಿ ಇದ್ದರೂ ಒಂದಕ್ಕೊಂದು ಕಾಣುವುದಿಲ್ಲ. ಅದನ್ನೂ ನೋಡಿಕೊಳ್ಳಿ.

ಪಾಸ್‌ವರ್ಡ್ ವಿಷಯ. ಪಾಸ್‌ವರ್ಡೇ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ. ಅದಕ್ಕೆ ಹಳೆಯದರಲ್ಲಿ ಒಂದು ಪಾಸ್‌ವರ್ಡ್ ಇಡಿ. ಹೊಸ ಲ್ಯಾಪ್‌ಟಾಪಿನಲ್ಲಿ ದಿನಾ ಒತ್ತುವ ನಾಲ್ಕಂಕಿಯ ಪಿನ್ ಇದೆಯಲ್ಲ, ಅದು ಪಾಸ್‌ವರ್ಡ್ ಅಲ್ಲ. ನೆಟ್‌ವರ್ಕಿನಲ್ಲಿ ಅದು ನಡೆಯುವುದಿಲ್ಲ. ಜನ ಗಂಟೆಗಟ್ಟಲೆ ಒದ್ದಾಡುವುದು ಇಲ್ಲೇ.

ಎಕ್ಸ್‌ಪಿ ಇರುವವರಿಗೆ ಲಿನಕ್ಸ್ ಕಷ್ಟ ಅನ್ನಿಸಿದರೆ ಪೆನ್ ಡ್ರೈವ್ ಇದೆ. ಹಳೆಯ ಎಫ್‌ಎಟಿ32 ಮಾದರಿಯ ಪೆನ್ ಡ್ರೈವಿನಲ್ಲಿ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದೇ ಫೈಲು ಹಿಡಿಯುವುದಿಲ್ಲ. ಫೋಟೋಗೆ ತೊಂದರೆ ಇಲ್ಲ, ದೊಡ್ಡ ವಿಡಿಯೋಗೆ ತೊಂದರೆ. ನಿಧಾನ ಆಗಬಹುದು, ಆದರೆ ಹೊಸದರ ಬೀಗ ತೆಗೆಯುವುದಕ್ಕಿಂತ ನೂರು ಪಾಲು ಮೇಲು. ಎಕ್ಸ್‌ಪಿಗೆ ಅಪ್‌ಡೇಟ್ ನಿಂತದ್ದು 2014ರ ಏಪ್ರಿಲಿನಲ್ಲಿ. ಫೈಲು ತೆಗೆದುಕೊಂಡ ಮೇಲೆ ಅದರ ಲ್ಯಾನ್ ಕೇಬಲ್ ಕಿತ್ತಿಡಿ.

ಇನ್ನೊಂದು ನಿಮಿಷ ಇದೆ. ಈಗಾಗಲೇ ಯಾರದ್ದೋ ಸಲಹೆ ಕೇಳಿ ಎಸ್‌ಎಂಬಿ ಒಂದು ಆನ್ ಮಾಡಿರುವವರು ಇದ್ದೇ ಇರುತ್ತೀರಿ. ಇವತ್ತೇ ನೋಡಿ. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಫೀಚರ್ಸ್ ಅಂತ ಹುಡುಕಿ. ಉದ್ದನೆಯ ಪಟ್ಟಿ ಬರುತ್ತದೆ. ಕೆಳಗಡೆ ಎಸ್‌ಎಂಬಿ 1.0 ಅಂತ ಒಂದು ಸಾಲು ಇರುತ್ತದೆ. ಪಕ್ಕದ ಚೌಕದಲ್ಲಿ ಗುರುತು ಇದ್ದರೆ ತೆಗೆದುಹಾಕಿ, ಓಕೆ ಒತ್ತಿ, ರೀಸ್ಟಾರ್ಟ್ ಮಾಡಿ. ಆಮೇಲೆ ಫೈರ್‌ವಾಲ್ ಆನ್ ಇದೆಯಾ ಅಂತ ನೋಡಿ.

ನಮಸ್ಕಾರ.