ಕೀಬೋರ್ಡ್ ಮುಟ್ಟದೆ ಆರ್‌ಪಿಜಿ: ಒಂದೇ ಮೌಸ್‌ನಲ್ಲಿ ಆಡುವುದು ಹೇಗೆ?

[ಪರದೆ: ಬಾಲ್ಡರ್ಸ್ ಗೇಟ್, 1998ರ ಆಟ. ಆರು ಜನರ ತಂಡ ಗಣಿಯೊಳಗೆ ನಿಂತಿದೆ. ಕರ್ಸರ್ ನಿಧಾನವಾಗಿ ಎಡಗಡೆಯ ಕೆಳಮೂಲೆಗೆ ಹೋಗುತ್ತದೆ.]

ಎಡಗಡೆ ಕೆಳಮೂಲೆಯಲ್ಲಿ ಒಂದು ಗಡಿಯಾರ ಕಾಣಿಸುತ್ತಿದೆ ಅಲ್ವಾ? ಆಟದೊಳಗೆ ಹಗಲೋ ರಾತ್ರಿಯೋ ಅಂತ ತೋರಿಸುವುದಕ್ಕೆ ಇಟ್ಟಿದ್ದಾರೆ ಅಂತ ಅನ್ನಿಸುತ್ತದೆ. ಈಗ ಅದರ ಮೇಲೆ ಒಂದು ಕ್ಲಿಕ್ ಮಾಡುತ್ತೇನೆ.

[ಕ್ಲಿಕ್. ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ.]

ಆಟ ನಿಂತಿತು. ಕೀಬೋರ್ಡ್ ಇರುವವರು ಇದೇ ಕೆಲಸಕ್ಕೆ ಸ್ಪೇಸ್‌ಬಾರ್ ಒತ್ತುತ್ತಾರೆ. ಇಲ್ಲಿ ಸ್ಪೇಸ್‌ಬಾರ್ ಬೇಕಾಗಲೇ ಇಲ್ಲ. ಇವತ್ತಿನ ವಿಡಿಯೋ ಇಂಥ ಗಡಿಯಾರಗಳ ಬಗ್ಗೆ.

ನಮಸ್ಕಾರ. ಮೌಸ್ ಬಿಟ್ಟು ಬೇರೇನೂ ಹಿಡಿಯಲಾಗದವರು ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಓಡಾಡುವ ಆಟ, ಆಡುವುದು ಹೇಗೆ ಅಂತ ಇವತ್ತು ನೋಡೋಣ. ಸ್ನಾಯುಗಳ ಬಲ ಕುಂದುತ್ತಾ ಹೋಗುವ ಮಸ್ಕ್ಯುಲರ್ ಡಿಸ್ಟ್ರೊಫಿ ಇರಬಹುದು, ಸೆರೆಬ್ರಲ್ ಪಾಲ್ಸಿ ಇರಬಹುದು, ಲಕ್ವ ಹೊಡೆದು ಒಂದು ಕೈ ಸ್ವಾಧೀನ ತಪ್ಪಿರಬಹುದು. ನನ್ನ ವಿಷಯ ಹೇಳಬೇಕೆಂದರೆ, ಎಡಗೈ ಕೆಲಸಕ್ಕೆ ಬರುವುದಿಲ್ಲ. ಬಲಗೈ ಬೆರಳುಗಳು ಆಡುತ್ತವೆ, ತೋಳು ಎತ್ತಲಾಗುವುದಿಲ್ಲ. ಮೌಸ್ ಅಂಗೈ ಅಗಲದ ಜಾಗದಲ್ಲೇ ಓಡಾಡಬೇಕು. ಮೇಜಿನ ಮೇಲೆ ಕೀಬೋರ್ಡ್ ಇದೆ, ಮನೆಯವರ ಉಪಯೋಗಕ್ಕೆ.

ಮೊದಲ ಪ್ರಶ್ನೆ ಯಾವಾಗಲೂ "ಯಾವ ಮೌಸ್ ತಗೊಳ್ಳಲಿ?" ಅಂತಲೇ ಬರುತ್ತದೆ. ಅದನ್ನು ಆಮೇಲೆ ನೋಡೋಣ. ಮೊದಲು ಆಟವನ್ನು ನೋಡಬೇಕು. ಪಾತ್ರವನ್ನು ನಡೆಸುವುದು ಹೇಗೆ? ನೀವು ಕ್ಲಿಕ್ ಮಾಡುವ ತನಕ ಆಟ ಕಾಯುತ್ತದಾ? ಪ್ರತಿಯೊಂದು ಕೆಲಸಕ್ಕೂ ಪರದೆ ಮೇಲೆ ಒಂದು ಬಟನ್ ಇದೆಯಾ? ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಇನ್ನೂರು ಮುನ್ನೂರು ರೂಪಾಯಿಯ ಮೌಸ್ ಸಾಕು. ಸಿಗದಿದ್ದರೆ ಹತ್ತು ಸಾವಿರದ್ದು ತಂದರೂ ಕೈ ಸೋಲುತ್ತದೆ.

[ಪರದೆ: ಮತ್ತೆ ಅದೇ ಗಣಿ. ಆಟ ನಿಂತೇ ಇದೆ.]

ಇದು ನ್ಯಾಶ್ಕೆಲ್ ಗಣಿ. ಕೋಬೋಲ್ಡ್ ಅನ್ನುವ ಪುಟ್ಟ ರಾಕ್ಷಸರು ಬಿಲ್ಲು ಹಿಡಿದು ಕಾಯುತ್ತಿದ್ದಾರೆ. ಆಟ ನಿಂತಿರುವಾಗಲೇ ಬಲಗಡೆ ಇರುವ ಮುಖಗಳ ಮೇಲೆ ಒಂದೊಂದಾಗಿ ಕ್ಲಿಕ್ ಮಾಡುತ್ತೇನೆ. ಖಾಲಿದ್‌ಗೆ ಮುಂದಿನ ಕೋಬೋಲ್ಡ್. ಇಮೊಯೆನ್‌ಗೆ ಹಿಂದಿನ ಬಿಲ್ಲಿನವನು. ಮಂತ್ರ ಹಾಕುವವಳಿಗೆ ಕೆಳಗಿನ ಸಾಲಿನಿಂದ ಒಂದು ಮಂತ್ರ. ಆರು ಜನಕ್ಕೂ ಹೇಳಿ ಮುಗಿಸುವುದಕ್ಕೆ ಹತ್ತು ಸೆಕೆಂಡ್ ಹಿಡಿಯಲಿ, ಹತ್ತು ನಿಮಿಷ ಹಿಡಿಯಲಿ, ಯಾವ ಬಾಣವೂ ಹಾರುವುದಿಲ್ಲ. ಆಮೇಲೆ ಗಡಿಯಾರದ ಮೇಲೆ ಇನ್ನೊಂದು ಕ್ಲಿಕ್.

ಆದರೆ ಒಂದು ತೊಂದರೆ ಇದೆ. ಶತ್ರು ಕಂಡ ತಕ್ಷಣ ಕರ್ಸರ್ ಮೂಲೆಗೆ ಓಡಬೇಕು. ಕೈ ನಿಧಾನ ಇದ್ದವರಿಗೆ ಅಷ್ಟರಲ್ಲೇ ಎರಡು ಬಾಣ ತಗುಲಿರುತ್ತದೆ. ಅದಕ್ಕೆ ಆಪ್ಷನ್ಸ್ ಒಳಗೆ ಆಟೋ-ಪಾಝ್ ಅಂತ ಒಂದು ಪುಟ ಇದೆ.

[ಪರದೆ: ಆಟೋ-ಪಾಝ್ ಪಟ್ಟಿ.]

ಶತ್ರು ಕಂಡಾಗ ನಿಲ್ಲು. ನಮ್ಮವರಿಗೆ ಪೆಟ್ಟು ಬಿದ್ದಾಗ ನಿಲ್ಲು. ಹಿಡಿದ ಗುರಿ ಸತ್ತಾಗ ನಿಲ್ಲು. ಪ್ರತಿ ಸುತ್ತು ಮುಗಿದಾಗ ನಿಲ್ಲು. ಈ ಆಟದಲ್ಲಿ ಒಂದು ಸುತ್ತು ಅಂದರೆ ಆರು ಸೆಕೆಂಡ್. ಆ ಕೊನೆಯದನ್ನು ಟಿಕ್ ಮಾಡಿದರೆ ಆರು ಸೆಕೆಂಡಿಗೊಮ್ಮೆ ಆಟ ತಾನಾಗಿ ನಿಂತು ನಿಮ್ಮ ಕಡೆ ನೋಡುತ್ತದೆ. ಇದನ್ನು ಬರೆದವರು ಅಂಗವಿಕಲರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ ಇಲ್ಲವೋ, ನನಗಂತೂ ಇಷ್ಟು ಅನುಕೂಲದ ಪುಟ ಇನ್ನೊಂದು ಆಟದಲ್ಲಿ ಸುಲಭಕ್ಕೆ ಸಿಕ್ಕಿಲ್ಲ. 2015ರ ಪಿಲ್ಲರ್ಸ್ ಆಫ್ ಎಟರ್ನಿಟಿಯಲ್ಲೂ ಇದೇ ಆಟೋ-ಪಾಝ್ ಇದೆ. ಜತೆಗೆ ಹೊಡೆದಾಟವನ್ನೇ ನಿಧಾನ ಮಾಡುವ ಸ್ಲೋ ಮೋಡ್ ಕೂಡ ಇದೆ.

ಸುತ್ತು ಸುತ್ತಾಗಿ ಆಡುವ ಟರ್ನ್-ಬೇಸ್ಡ್ ಆಟಗಳಲ್ಲಿ ಈ ತಲೆನೋವೇ ಇಲ್ಲ. 1997ರ ಫಾಲ್ಔಟ್ ತೆಗೆದುಕೊಳ್ಳಿ. ಹೊಡೆದಾಟ ಶುರುವಾದರೆ ನಿಮ್ಮ ಕೈಯಲ್ಲಿ ಇಷ್ಟು ಆ್ಯಕ್ಷನ್ ಪಾಯಿಂಟ್ ಅಂತ ಇರುತ್ತದೆ. ಪಿಸ್ತೂಲಿನ ಒಂದು ಗುಂಡಿಗೆ ಐದು. ಕಣ್ಣಿಗೋ ಕಾಲಿಗೋ ಗುರಿಯಿಟ್ಟು ಹೊಡೆದರೆ ಇನ್ನೊಂದು ಜಾಸ್ತಿ. ಚೀಲ ತೆಗೆದು ನೋಡಿದರೆ ಅದಕ್ಕೂ ನಾಲ್ಕು. ಇದು ದುಡ್ಡಿನ ಲೆಕ್ಕದಂತೆ, ಕೈಚಳಕದ ಮಾತಲ್ಲ. ಬಲ ಬಟನ್ ಒತ್ತಿದರೆ ಕರ್ಸರ್ ಬದಲಾಗುತ್ತದೆ: ನಡೆಯುವುದು, ಮುಟ್ಟುವುದು, ಗುರಿಯಿಡುವುದು. ಟರ್ನ್ ಮುಗಿಸುವ ಬಟನ್ ಪರದೆ ಮೇಲೆಯೇ ಇದೆ. ಆಟದಲ್ಲಿ ನೀರಿನ ಚಿಪ್ ಹುಡುಕುವುದಕ್ಕೆ 150 ದಿನದ ಗಡುವು ಇದೆ, ಹೆದರಬೇಡಿ. ಅದು ಕಥೆಯೊಳಗಿನ ದಿನಗಳ ಲೆಕ್ಕ. ಹೊಡೆದಾಟದ ಮಧ್ಯೆ ಕೈಗೆ ವಿಶ್ರಾಂತಿ ಕೊಟ್ಟು ಊಟ ಮುಗಿಸಿ ಬಂದರೂ ಗಡುವು ಅಲ್ಲೇ ಇರುತ್ತದೆ.

ಇನ್ನೊಂದು ಕಡೆ ಡಯಾಬ್ಲೊ. "ಅದು ಬರೀ ಮೌಸ್‌ನಲ್ಲೇ ಆಡುವ ಆಟ ಅಲ್ವಾ?" ಅಂತ ಎಲ್ಲರೂ ಅದನ್ನೇ ತೋರಿಸುತ್ತಾರೆ. ಹೌದು, ಮೌಸ್ ಸಾಕು. ಆದರೆ ಒಂದು ಗಂಟೆಯಲ್ಲಿ ಎಷ್ಟು ಕ್ಲಿಕ್ ಆಗುತ್ತದೆ ಅಂತ ಸುಮ್ನೆ ಲೆಕ್ಕ ಹಾಕಿ. ಬೆರಳಲ್ಲಿ ಬಲ ಇಲ್ಲದವರಿಗೆ ಅದು ಆಟವಲ್ಲ, ಶಿಕ್ಷೆ. ತಮಾಷೆ ಏನು ಗೊತ್ತಾ? ಅದನ್ನು ಮಾಡಿದ ಡೇವಿಡ್ ಬ್ರೆವಿಕ್ ಮೊದಲು ಟರ್ನ್-ಬೇಸ್ಡ್ ಆಟ ಮಾಡಬೇಕು ಅಂತಲೇ ಹೊರಟಿದ್ದು. ಮಧ್ಯದಲ್ಲಿ ಬದಲಾಯಿತು. ಲೋಕಕ್ಕೆ ಒಳ್ಳೆಯದೇ ಆಯಿತು, ನನ್ನ ಬೆರಳಿಗೆ ಆಗಲಿಲ್ಲ.

[ಪರದೆ: ಕೀಬೋರ್ಡಿನ ಚಿತ್ರ. ಡಬ್ಲ್ಯೂ, ಎ, ಎಸ್, ಡಿ ಕೀಗಳು ಕೆಂಪಾಗುತ್ತವೆ.]

ಈಗ ನಡೆಯುವ ವಿಷಯ. ನೆಲದ ಮೇಲೆ ಕ್ಲಿಕ್ ಮಾಡಿದರೆ ಪಾತ್ರ ಅಲ್ಲಿಗೆ ಹೋಗುವ ಆಟಗಳಲ್ಲಿ ಹೇಳುವುದಕ್ಕೇನೂ ಇಲ್ಲ. ಪಾತ್ರದ ಕಣ್ಣಿನಿಂದ ನೋಡುವ ಆಟ ಬಂದಾಗ ಈ ನಾಲ್ಕು ಕೀಗಳು ಅಡ್ಡ ನಿಲ್ಲುತ್ತವೆ. ಎಡಗೈ ಅಲ್ಲೇ ಇರುತ್ತದೆ ಅಂತ ಆಟ ಮಾಡುವವರು ಲೆಕ್ಕ ಹಾಕಿಬಿಟ್ಟಿರುತ್ತಾರೆ.

ಹೀಗೇ ಇರಬೇಕು ಅಂತೇನೂ ಇಲ್ಲ. 1987ರಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಡಂಜನ್ ಮಾಸ್ಟರ್ ಬಂತು. ಅದರಲ್ಲಿ ಪರದೆ ಮೇಲೆಯೇ ಬಾಣದ ಗುರುತುಗಳಿದ್ದವು: ಮುಂದೆ, ಹಿಂದೆ, ಪಕ್ಕಕ್ಕೆ, ತಿರುಗು. ಕ್ಲಿಕ್ ಮಾಡಿದರೆ ಒಂದು ಚೌಕ ನಡೆಯುತ್ತದೆ. 1991ರ ಐ ಆಫ್ ದಿ ಬಿಹೋಲ್ಡರ್ ಅದೇ ದಾರಿ ಹಿಡಿಯಿತು. ಆಮೇಲೆ ಈ ಬಗೆಯ ಆಟಗಳೇ ಕಡಿಮೆಯಾದವು. 2012ರಲ್ಲಿ ಫಿನ್ಲೆಂಡಿನ ಆಲ್ಮೋಸ್ಟ್ ಹ್ಯೂಮನ್ ಅನ್ನುವ ಪುಟ್ಟ ತಂಡ ಲೆಜೆಂಡ್ ಆಫ್ ಗ್ರಿಮ್‌ರಾಕ್ ಮಾಡಿತು. ಹಳೆಯ ಚೌಕದ ನಡಿಗೆ, ಹೊಸ ಚಿತ್ರಗಳು. ಅದರ ಆಪ್ಷನ್ಸ್‌ನಲ್ಲಿ ಒಂದು ಚಿಕ್ಕ ಟಿಕ್ ಇದೆ. ಹಾಕಿದರೆ ಬಾಣದ ಗುರುತುಗಳು ಪರದೆಗೆ ವಾಪಸ್ ಬರುತ್ತವೆ.

[ಪರದೆ: ಗ್ರಿಮ್‌ರಾಕ್. ಎದುರಿಗೆ ದೊಡ್ಡ ಬಸವನಹುಳ.]

ಕೆಳಗೆ ನಾಲ್ಕು ಜನರ ಕೈಗಳಿವೆ. ಕತ್ತಿ ಹಿಡಿದ ಕೈ ಮೇಲೆ ಬಲ ಕ್ಲಿಕ್ ಮಾಡಿದರೆ ಬೀಸುತ್ತಾನೆ. ಮಂತ್ರದವನ ಕೈ ಮೇಲೆ ಮಾಡಿದರೆ ಅಕ್ಷರದಂಥ ಗುರುತುಗಳ ಫಲಕ ತೆರೆಯುತ್ತದೆ, ಅದನ್ನೂ ಕ್ಲಿಕ್ಕಿಸಿಯೇ ಜೋಡಿಸಬೇಕು. ಅಂದರೆ ಪೂರ್ತಿ ಆಟ ಮೌಸ್‌ನಲ್ಲಿ ಆಗುತ್ತದೆ. ಆದರೆ ಇಲ್ಲಿ ಆಟ ನಿಮಗಾಗಿ ನಿಲ್ಲುವುದಿಲ್ಲ, ಅದು ನೆನಪಿರಲಿ. ಒಂದು ಏಟು ಹೊಡೆದು, ಕರ್ಸರನ್ನು ಬಾಣದ ಗುರುತಿಗೆ ತಂದು, ಪಕ್ಕಕ್ಕೆ ಸರಿದು, ಮತ್ತೆ ಕತ್ತಿಗೆ ಹೋಗಬೇಕು. ಬಸವನಹುಳದ ಜತೆ ಇದು ನಡೆಯುತ್ತದೆ. ಆಳಕ್ಕೆ ಇಳಿದಂತೆ ನಡೆಯುವುದಿಲ್ಲ. ಸುಲಭದ ಹಂತ ಆರಿಸಿಕೊಳ್ಳಿ, ನಾಚಿಕೆಪಡಬೇಡಿ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಎಡ ಬಲ ಎರಡೂ ಬಟನ್ ಒಟ್ಟಿಗೆ ಹಿಡಿದರೆ ಪಾತ್ರ ಮುಂದಕ್ಕೆ ಓಡುತ್ತದೆ. ಕ್ಲಿಕ್ ಮಾಡಿದಲ್ಲಿಗೆ ನಡೆಯುವ ಆಯ್ಕೆಯೂ ಸೆಟ್ಟಿಂಗ್ಸ್‌ನಲ್ಲಿದೆ. ನಾರ್ವೆಯ ಮಾಟ್ಸ್ ಸ್ಟೀನ್ ವಿಷಯ ನೀವು ಕೇಳಿರಬಹುದು. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇದ್ದ ಹುಡುಗ. ಈ ಆಟದಲ್ಲಿ ಐಬೆಲಿನ್ ಅನ್ನುವ ಹೆಸರಿನಲ್ಲಿ ವರ್ಷಗಟ್ಟಲೆ ಓಡಾಡಿದ. 2014ರಲ್ಲಿ, 25ನೇ ವಯಸ್ಸಿನಲ್ಲಿ ತೀರಿಕೊಂಡ. ಅವನಿಗೆ ಅಲ್ಲಿ ಎಷ್ಟು ಸ್ನೇಹಿತರಿದ್ದರು ಅನ್ನುವುದು ತಂದೆ ತಾಯಿಗೆ ಗೊತ್ತಾದದ್ದು ಆಮೇಲೆ. ಬೇರೆ ದೇಶಗಳಿಂದ ಅವರು ಅಂತ್ಯಕ್ರಿಯೆಗೆ ಬಂದಿದ್ದರು. "ಇಡೀ ದಿನ ಆಟ ಆಡಿ ಏನು ಸಿಗುತ್ತೆ?" ಅಂತ ಕೇಳುವ ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ಬೇಕಾದರೆ ಇದನ್ನು ಹೇಳಿ.

ಹೊಡೆದಾಟವೇ ಬೇಡ ಅನ್ನುವವರಿಗೆ 2019ರ ಡಿಸ್ಕೊ ಎಲಿಸಿಯಮ್ ಇದೆ. ಕತ್ತಿ ಇಲ್ಲ, ಅವಸರ ಇಲ್ಲ. ಮಾತು, ಮಾತು, ಬರೀ ಮಾತು. ಕ್ಲಿಕ್ ಮಾಡಿದರೆ ನಡೆಯುತ್ತಾನೆ, ಡಬಲ್ ಕ್ಲಿಕ್ ಮಾಡಿದರೆ ಓಡುತ್ತಾನೆ, ಮಿಕ್ಕಿದ್ದಕ್ಕೆ ಎರಡು ದಾಳ ಉರುಳುತ್ತವೆ. ಇಂಗ್ಲಿಷ್ ಮಾತ್ರ ಸ್ವಲ್ಪ ಗಟ್ಟಿ, ಕನ್ನಡದಲ್ಲಿ ಇಲ್ಲ. ಆದರೆ ಯಾವ ಸಾಲೂ ಓಡಿಹೋಗುವುದಿಲ್ಲ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಬಹುದು.

ಬಾಲ್ಡರ್ಸ್ ಗೇಟ್ 3, 2023ರದ್ದು. ಹೊಡೆದಾಟ ಟರ್ನ್-ಬೇಸ್ಡ್, ನಡಿಗೆ ಕ್ಲಿಕ್ಕಿನದು. ಹೊಡೆದಾಟ ಇಲ್ಲದಾಗಲೂ ಬೇಕೆಂದರೆ ಟರ್ನ್-ಬೇಸ್ಡ್ ಮಾಡಿಕೊಳ್ಳಬಹುದು, ಬಲೆ ಹಾಕಿದ ಕೋಣೆಗಳಲ್ಲಿ ಅದು ಪ್ರಾಣ ಉಳಿಸುತ್ತದೆ. ಒಂದೇ ಕಿರಿಕಿರಿ: ಕ್ಯಾಮೆರಾ ತಿರುಗಿಸುವುದಕ್ಕೆ ಚಕ್ರವನ್ನು ಒತ್ತಿ ಹಿಡಿದು ಎಳೆಯಬೇಕು. ಮಧ್ಯದ ಬೆರಳಿಗೆ ಅದು ಭಾರ.

ಅಲ್ಲಿಗೆ ಬರುತ್ತವೆ ಸಲಕರಣೆಗಳು.

[ಪರದೆ: ಎಕ್ಸ್-ಮೌಸ್ ಬಟನ್ ಕಂಟ್ರೋಲ್ ತೆರೆಯುತ್ತದೆ.]

ಎಕ್ಸ್-ಮೌಸ್ ಬಟನ್ ಕಂಟ್ರೋಲ್ ಅಂತ ವಿಂಡೋಸ್‌ಗೆ ಒಂದು ಉಚಿತ ಪ್ರೋಗ್ರಾಂ ಇದೆ. ಮೌಸಿನ ಯಾವ ಬಟನ್‌ಗೆ ಯಾವ ಕೀ ಬೇಕೋ ಕೊಡಬಹುದು, ಪ್ರತಿ ಆಟಕ್ಕೂ ಬೇರೆ ಬೇರೆ. ಕ್ಯಾಮೆರಾ ತಿರುಗಿಸುವ ಕೀಗಳನ್ನು ಹೆಬ್ಬೆರಳಿನ ಎರಡು ಬಟನ್‌ಗೆ ಕೊಟ್ಟರೆ ಚಕ್ರದ ಗೋಳು ತಪ್ಪಿತು. ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ಟಿಕಿ ಅನ್ನುವ ಆಯ್ಕೆ. ಒಮ್ಮೆ ಒತ್ತಿದರೆ ಕೀ ಒತ್ತಿ ಹಿಡಿದಂತೆಯೇ ಇರುತ್ತದೆ. ಮತ್ತೆ ಒತ್ತಿದರೆ ಬಿಡುತ್ತದೆ. "ಆಲ್ಟ್ ಹಿಡಿದುಕೊಂಡಿರಿ" ಅನ್ನುವ ಆಟಗಳಿಗೆಲ್ಲ ಇದೇ ಮದ್ದು.

2011ರ ಸ್ಕೈರಿಮ್ ಮೌಸ್‌ಗೆ ಮಾಡಿದ ಆಟವಲ್ಲ. ಆದರೂ ಐದು ಬಟನ್ನಿನ ಮೌಸ್‌ನಲ್ಲಿ ಹೇಗೆ ಆಡುತ್ತೇನೆ ನೋಡಿ. ಹೆಬ್ಬೆರಳಿನ ಮುಂದಿನ ಬಟನ್‌ಗೆ ಸಿ ಕೀ, ಅದು ತಾನಾಗಿ ನಡೆಯುವುದಕ್ಕೆ. ಹಿಂದಿನದಕ್ಕೆ ಇ, ಬಾಗಿಲು ತೆಗೆಯುವುದು, ಮಾತಾಡುವುದು. ಚಕ್ರದ ಕ್ಲಿಕ್‌ಗೆ ಕ್ಯೂ, ಅದು ಫೇವರಿಟ್ಸ್ ಪಟ್ಟಿ. ಆ ಪಟ್ಟಿ ತೆರೆದಾಗ ಲೋಕವೇ ನಿಲ್ಲುತ್ತದೆ. ಡ್ರ್ಯಾಗನ್ ಬಾಯಿ ತೆರೆದು ನಿಂತಿರಲಿ, ನಾನು ನಿಧಾನವಾಗಿ ಔಷಧಿ ಆರಿಸಿಕೊಳ್ಳುತ್ತೇನೆ. ಅಂದರೆ ಇಲ್ಲೂ ಒಂದು ಗಡಿಯಾರ ಇತ್ತು, ಬೇರೆ ವೇಷದಲ್ಲಿ. ಹಿಂದಕ್ಕೆ ಸರಿಯುವುದು ಮಾತ್ರ ಆಗುವುದಿಲ್ಲ. ಅದಕ್ಕೇ ಮುಂದೆ ನಿಂತು ಏಟು ತಿನ್ನುವುದಕ್ಕೆ ಆಟದೊಳಗಿನ ಜತೆಗಾರ್ತಿ ಲಿಡಿಯಾ, ಹಿಂದೆ ನಿಂತು ಬಾಣ ಬಿಡುವುದಕ್ಕೆ ನಾನು.

ವಿಂಡೋಸ್‌ನಲ್ಲೇ ಇರುವುದನ್ನೂ ಮರೆಯಬೇಡಿ. ಮೌಸ್ ಸೆಟ್ಟಿಂಗ್ಸ್‌ನ ಕ್ಲಿಕ್‌ಲಾಕ್ ಹಾಕಿದರೆ ಎಳೆಯುವಾಗ ಬಟನ್ ಹಿಡಿದುಕೊಂಡೇ ಇರಬೇಕಾಗಿಲ್ಲ. ಪಾಯಿಂಟರ್ ವೇಗ ಜಾಸ್ತಿ ಮಾಡಿದರೆ ಅಂಗೈ ಅಗಲದಲ್ಲೇ ಪರದೆಯ ಆ ಕೊನೆ ಮುಟ್ಟಬಹುದು. ಆನ್-ಸ್ಕ್ರೀನ್ ಕೀಬೋರ್ಡ್ ಕೂಡ ಇದೆ. ಆದರೆ ಆಟ ಫುಲ್‌ಸ್ಕ್ರೀನ್‌ನಲ್ಲಿ ಇದ್ದರೆ ಅದು ಕಾಣಿಸದೆ ಹೋಗಬಹುದು. ಆಟವನ್ನು ಬಾರ್ಡರ್‌ಲೆಸ್ ವಿಂಡೋಗೆ ತನ್ನಿ. ಕೀ ಒತ್ತುವ ಕೆಲಸವನ್ನು ಸ್ಕ್ರಿಪ್ಟ್ ಬರೆದು ತಾನಾಗಿ ಮಾಡಿಸುವ ಆಟೋಹಾಟ್‌ಕೀ ಪ್ರೋಗ್ರಾಂ ಗೊತ್ತಿದ್ದವರು ಇನ್ನೂ ಏನೇನೋ ಮಾಡಬಹುದು. ಆನ್‌ಲೈನ್ ಆಟಗಳಲ್ಲಿ ಮಾತ್ರ ಹುಷಾರು, ಮೋಸ ಅಂತ ಅಕೌಂಟ್ ಮುಚ್ಚಿಬಿಟ್ಟಾರು. ಮೊದಲು ಅವರ ನಿಯಮ ಓದಿ.

ಇನ್ನು ಮೌಸ್. ಹೆಬ್ಬೆರಳಿನ ಹತ್ತಿರ ಹನ್ನೆರಡು ಬಟನ್ ಇರುವ ದುಬಾರಿ ಮೌಸ್‌ಗಳನ್ನು ಎಲ್ಲರೂ ಹೇಳುತ್ತಾರೆ. ಹೆಬ್ಬೆರಳಲ್ಲಿ ಬಲ ಇದ್ದರೆ ಸರಿ. ಇಲ್ಲದಿದ್ದರೆ ಐದು ಬಟನ್ನಿನದೇ ಮೇಲು. ಕೈ ಸರಿಸಲಾಗದವರು ಟ್ರ್ಯಾಕ್‌ಬಾಲ್ ನೋಡಿ, ಅದರ ಮೈ ಅಲ್ಲಾಡುವುದಿಲ್ಲ, ಚೆಂಡು ಮಾತ್ರ ತಿರುಗುತ್ತದೆ. ಕೊಳ್ಳುವ ಮೊದಲು ಯಾರದಾದರೂ ಕೇಳಿ ಒಂದು ಸಂಜೆ ಹಿಡಿದು ನೋಡಿ.

[ಪರದೆ: ಸ್ಟೀಮ್‌ನಲ್ಲಿ ಒಂದು ಆಟದ ಪುಟ.]

ಆಟ ಕೊಳ್ಳುವಾಗ ಏನು ಮಾಡಬೇಕು? ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2025ರಿಂದ ಆಟ ಮಾಡಿದವರು ತಮ್ಮ ಪುಟದಲ್ಲಿ ಅನುಕೂಲಗಳ ಪಟ್ಟಿ ಹಾಕಬಹುದು. ಮೌಸ್ ಮಾತ್ರ ಸಾಕು ಅನ್ನುವುದೂ ಅದರಲ್ಲಿ ಒಂದು. ಆದರೆ ಎಲ್ಲರೂ ಅದನ್ನು ತುಂಬಿರುವುದಿಲ್ಲ. ಹಾಗಾಗಿ ಇನ್ನೊಂದು ದಾರಿ. ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಆ ಎರಡು ಗಂಟೆಯನ್ನು ಕಥೆಗೆ ಕಳೆಯಬೇಡಿ. ಕೀಬೋರ್ಡ್ ಕೇಬಲ್ ಕಿತ್ತು ಆಟ ಶುರು ಮಾಡಿ. ಮೊದಲ ಗೋಡೆ ಪಾತ್ರಕ್ಕೆ ಹೆಸರಿಡುವ ಕಡೆಯೇ ಬರುತ್ತದೆ. ಬಾಲ್ಡರ್ಸ್ ಗೇಟ್ 3 ತಾನೇ ಟ್ಯಾವ್ ಅಂತ ಒಂದು ಹೆಸರು ಇಟ್ಟುಕೊಂಡಿರುತ್ತದೆ, ಎಷ್ಟೋ ಆಟ ಟೈಪ್ ಮಾಡು ಅಂತ ಕೂತುಬಿಡುತ್ತವೆ. ಅದು ದಾಟಿದರೆ ನಡೆಯಿರಿ, ಕ್ಯಾಮೆರಾ ತಿರುಗಿಸಿ, ಚೀಲ ತೆಗೆಯಿರಿ, ಸೇವ್ ಮಾಡಿ, ಒಂದು ಹೊಡೆದಾಟ ಮಾಡಿ, ಅದರ ಮಧ್ಯೆ ಆಟ ನಿಲ್ಲಿಸಿ ನೋಡಿ.

ಎಲ್ಲಾದರೂ ಸಿಕ್ಕಿಕೊಂಡರೆ ದುಡ್ಡು ವಾಪಸ್ ಕೇಳಿ. ಅಲ್ಲಿ ಕಾರಣ ಬರೆಯುವ ಜಾಗ ಇದೆ. "ಇಷ್ಟವಾಗಲಿಲ್ಲ" ಅಂತ ಬರೆದು ಮುಗಿಸಬೇಡಿ. ಯಾವ ಕೀಗೆ ಪರದೆ ಮೇಲೆ ಬಟನ್ ಇಲ್ಲ ಅಂತ ಹೆಸರು ಹಿಡಿದು ಬರೆಯಿರಿ. ಅದೇ ಸಾಲನ್ನು ಆಟ ಮಾಡಿದವರಿಗೂ ಕಳಿಸಿ.