ಚೀಲದ ತಳದ ಅಡಿಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೊಂಡ ವಸ್ತುಗಳ ಬಗ್ಗೆ ಇಂಟರ್ನೆಟ್‌ನಲ್ಲಿ ರಿವ್ಯೂ ಬರೆಯುವವನು ನಾನು. ಮೂರು ವರ್ಷದ ಹಿಂದೆ ಒಂದು ಮಳೆಕೋಟನ್ನು ಹೊಗಳಿ ಬರೆದೆ. ಕೋಟು ಮನೆಗೆ ಬಂದಿದ್ದು ಏಪ್ರಿಲ್‌ನಲ್ಲಿ. ಬರೆದಿದ್ದೂ ಏಪ್ರಿಲ್‌ನಲ್ಲೇ. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಇದರಲ್ಲಿ ಎಡವಟ್ಟು ಎಲ್ಲಿದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅಂಗಳದಲ್ಲಿ ನಿಂತು ಮೈಮೇಲೆ ಎರಡು ಚೊಂಬು ನೀರು ಹೊಯ್ದುಕೊಂಡೆ. ಒಳಗೆ ಒದ್ದೆ ಆಗಲಿಲ್ಲ. 'ಮಲೆನಾಡಿನ ಮಳೆಗೆ ಹೇಳಿ ಮಾಡಿಸಿದ ಕೋಟು' ಎಂದು ಬರೆದು, ಕೆಳಗೆ ಕೊಳ್ಳುವ ಲಿಂಕ್ ಹಾಕಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ನನ್ನದು ಎರಡು ಚೊಂಬು.

ಅದನ್ನು ಓದಿ ಪಕ್ಕದ ಮನೆಯ ಭಾವ ಎರಡು ಕೋಟು ತರಿಸಿದರು. ತಮಗೊಂದು, ಅಕ್ಕನಿಗೊಂದು. ಭಾವ ಅಂದರೆ ಊರಿನ ವರಸೆಯಲ್ಲಿ ಭಾವ. ಜುಲೈಯಲ್ಲಿ ಒಂದು ದಿನ, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸಲು ಮಳೆ ಹೊಳವಾಗುವುದನ್ನೇ ಕಾಯುತ್ತಾ ಕೂತಿದ್ದೆ. ಆಗ ಬಂದರು. "ಎಂತ ಮಾರಾಯ, ನಿನ್ನ ಕೋಟು ಹಾಕ್ಕೊಂಡ್ರೆ ಹೊರಗಿನಕಿಂತ ಒಳಗೇ ಮಳೆ ಜಾಸ್ತಿ" ಅಂದರು. ನಗುತ್ತಲೇ ಅಂದರು. ಆಮೇಲೆ ಇನ್ನೊಂದು ಕೇಳಿದರು. "ಅದ್ರಲ್ಲಿ ನಿಂಗೆಷ್ಟು ಸಿಕ್ತು?"

ನೂರು ರೂಪಾಯಿ ಚಿಲ್ಲರೆ ಸಿಕ್ಕಿತ್ತು. ಹೇಳಲು ಬಾಯಿ ಬರಲಿಲ್ಲ. ಯಾಕೆಂದರೆ ಕಮಿಷನ್ ಬರುತ್ತದೆ ಎಂದು ನಾನು ಎಲ್ಲೂ ಬರೆದೇ ಇರಲಿಲ್ಲ.

ಈ ಕಮಿಷನ್ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಅನ್ನುತ್ತಾರೆ. ಬರೆಯುವವನು ಹಾಕುವ ಲಿಂಕ್‌ನ ಬಾಲದಲ್ಲಿ ಅವನ ಗುರುತು ಇರುತ್ತದೆ. ಅದನ್ನು ಒತ್ತಿ ನೀವು ಏನಾದರೂ ಕೊಂಡರೆ, ಕಳಿಸಿದವನು ಯಾರು ಅಂತ ಅಂಗಡಿಗೆ ತಿಳಿಯುತ್ತದೆ. ಬೆಲೆಯಲ್ಲಿ ಸಣ್ಣ ಪಾಲು ಅವನಿಗೆ. ಅಮೆಜಾನ್ ಇದನ್ನು ಶುರು ಮಾಡಿದ್ದು 1996ರಲ್ಲಿ. ಅಲ್ಲಿ ಸಾಮಾನ್ಯವಾಗಿ ಲಿಂಕ್ ಒತ್ತಿದ 24 ಗಂಟೆ ಆ ಗುರುತು ಉಳಿಯುತ್ತದೆ. ಕೋಟು ನೋಡಲು ಹೋದವರು ಕೋಟು ಬಿಟ್ಟು ಕುಕ್ಕರ್ ಕೊಂಡರೂ ಪಾಲು ಬರುವುದುಂಟು.

ದಲ್ಲಾಳಿಕೆ ನಮಗೇನು ಹೊಸದಲ್ಲ. ಶಿವಮೊಗ್ಗದ ಅಡಿಕೆ ಮಂಡಿ ಕಂಡವರು ನಾವು. ದಲ್ಲಾಳಿ ಕಮಿಷನ್ ತಗೊಳ್ತಾನೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಆದರೆ ದನದ ಜಾತ್ರೆಯಲ್ಲಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನೋಡಿದ್ದೀರಲ್ವಾ? ಮಧ್ಯದವನು ಎಷ್ಟು ಇಟ್ಟುಕೊಂಡ ಅನ್ನುವುದು ಕೊಂಡವನಿಗೂ ತಿಳಿಯದು, ಮಾರಿದವನಿಗೂ ತಿಳಿಯದು. ನಾನು ಕೋಟಿನ ವಿಷಯದಲ್ಲಿ ಮಾಡಿದ್ದು ಆ ಟವೆಲ್ ವ್ಯಾಪಾರವನ್ನೇ.

ಕಾನೂನೂ ಈಗ ಇದನ್ನು ಸುಮ್ನೆ ಬಿಡುವುದಿಲ್ಲ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಮಾರ್ಗಸೂಚಿ ಹೊರಡಿಸಿತು. ದುಡ್ಡು ಬಂದಿದ್ದರೆ, ವಸ್ತು ಪುಕ್ಕಟೆ ಸಿಕ್ಕಿದ್ದರೆ, ಅದನ್ನು ಎದ್ದು ಕಾಣುವ ಹಾಗೆ ಹೇಳಬೇಕು. ವಿಡಿಯೋ ಆದರೆ ಬರಹದಲ್ಲೂ ಇರಬೇಕು, ಬಾಯಲ್ಲೂ ಹೇಳಬೇಕು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಮಾತು. ಶಿಫಾರಸು ಯಾವ ಭಾಷೆಯಲ್ಲಿದೆಯೋ ಈ ಸೂಚನೆಯೂ ಅದೇ ಭಾಷೆಯಲ್ಲಿರಬೇಕು. ಇಡೀ ರಿವ್ಯೂ ಕನ್ನಡದಲ್ಲಿ ಬರೆದು, ಕಮಿಷನ್ ವಿಷಯ ಮಾತ್ರ ಕೊನೆಯಲ್ಲಿ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಕೈತೊಳೆದುಕೊಳ್ಳುವ ಹಾಗಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ.

ನಾನೀಗ ಮೊದಲ ಸಾಲಲ್ಲೇ ಬರೆಯುತ್ತೇನೆ. "ಇದನ್ನು ನನ್ನ ದುಡ್ಡಲ್ಲಿ ತಂದೆ. ಈ ಲಿಂಕ್ ಒತ್ತಿ ಕೊಂಡರೆ ನನಗೆ ಕಮಿಷನ್ ಬರುತ್ತದೆ." ಅಷ್ಟೇ. ಓದುವವರು ಓಡಿಹೋಗುತ್ತಾರೆ ಎಂದು ಹೆದರಿದ್ದೆ. ಯಾರೂ ಓಡಲಿಲ್ಲ.

ಆದರೆ ಇಷ್ಟು ಹೇಳಿದ ಮಾತ್ರಕ್ಕೆ ರಿವ್ಯೂ ಒಳ್ಳೆಯದಾಗುವುದಿಲ್ಲ. ಭಾವನ ಕೋಟು ಎಲ್ಲಿ ಸೋರಿತು ಅಂತ ಆಮೇಲೆ ಹುಡುಕಿದೆ. ಬಟ್ಟೆಯಲ್ಲಿ ತೂತು ಇರಲಿಲ್ಲ. ತೋಟದಲ್ಲಿ ದೋಟಿ, ಅಂದರೆ ಗೊನೆಗೆ ಎಟುಕುವ ಉದ್ದನೆಯ ಕೋಲು, ಹಿಡಿದವನ ಎರಡೂ ಕೈ ಮೇಲಿರುತ್ತವೆ. ನೀರು ತೋಳಿನ ತುದಿಯಿಂದ ಇಳಿದು ಕಂಕುಳಿಗೆ ಬರುತ್ತದೆ. ಅಲ್ಲಿಂದ ಸೊಂಟಕ್ಕೆ. ತಲೆ ಎತ್ತಿದರೆ ಟೋಪಿ ಹಿಂದಕ್ಕೆ ಬೀಳುತ್ತದೆ. ನಾನು ಅಂಗಳದಲ್ಲಿ ಕೈ ಇಳಿಬಿಟ್ಟು, ಫೋಟೋಗೆ ನಿಂತ ಮದುಮಗನ ಹಾಗೆ ನಿಂತಿದ್ದೆ. ಅಕ್ಕನ ಕಷ್ಟ ಬೇರೆಯೇ ಇತ್ತು. ಭತ್ತದ ನಟ್ಟಿಗೆ ಬಗ್ಗಿದರೆ ಕೋಟು ಮೇಲಕ್ಕೆ ಸರಿದು ಸೊಂಟ ಪೂರ್ತಿ ಒದ್ದೆ. ಅವರು ಎರಡೇ ದಿನಕ್ಕೆ ಕೋಟು ಮೂಲೆಗೆ ಹಾಕಿ ಅಟ್ಟದಿಂದ ತಲೆ, ಬೆನ್ನು ಎರಡನ್ನೂ ಮುಚ್ಚುವ ಹಳೆಯ ಗೊರಬು ಇಳಿಸಿದರು. ಗೊರಬು ಹೆಣೆದವರಿಗೆ ನಟ್ಟಿಯವರ ಬೆನ್ನು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ಬರೆಯುವ ರೀತಿ ಬದಲಾಯಿತು. ಈಗ ಮಳೆಕೋಟಿನ ತೋಳು, ಜೇಬು, ಬೆನ್ನು ಎಲ್ಲದರೊಳಗೆ ಹಳೆಯ ಪೇಪರ್ ತುರುಕಿ ಸೂರಿನ ನೀರಿಗೆ ಒಂದು ಗಂಟೆ ನೇತುಹಾಕುತ್ತೇನೆ. ಪೇಪರ್ ಎಲ್ಲಿ ಒದ್ದೆಯಾಯಿತೋ ಅಲ್ಲೇ ಸೋರಿಕೆ. ಹೆಚ್ಚಾಗಿ ಹೊಲಿಗೆಯಲ್ಲಿ, ಜಿಪ್ಪಿನಲ್ಲಿ. ಹೊಲಿಗೆ ಮೇಲೆ ಒಳಗಿನಿಂದ ಟೇಪ್ ಅಂಟಿಸಿದ್ದಾರಾ ನೋಡಬೇಕು. ಆಮೇಲೆ ಅದನ್ನು ಹಾಕಿಕೊಂಡು ಒಂದು ಮಳೆಗಾಲದ ಕೆಲಸ ಮಾಡಬೇಕು. ಒಂದು ನೋಟ್‌ಬುಕ್ಕಿನಲ್ಲಿ ತಂದ ತಾರೀಕು, ಕೊಟ್ಟ ಬೆಲೆ, ಕೆಟ್ಟ ತಾರೀಕು ಬರೆದಿಡುತ್ತೇನೆ. ಬರೆಯದಿದ್ದರೆ ನೆನಪು ಚೆನ್ನಾಗಿರುವುದನ್ನಷ್ಟೇ ಇಟ್ಟುಕೊಳ್ಳುತ್ತದೆ.

ತಲೆಗೆ ಕಟ್ಟುವ ಟಾರ್ಚನ್ನೇ ಉದಾಹರಣೆಗೆ ತಗೊಳ್ಳಿ. ಡಬ್ಬಿ ಮೇಲೆ ಐಪಿಎಕ್ಸ್4 ಅಂತ ಇದ್ದರೆ ನೀರು ಸಿಡಿದರೆ ತಡೆಯುತ್ತದೆ ಎಂದಷ್ಟೇ ಅರ್ಥ. ಐಪಿ67 ಅಂದರೆ ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಡೆಯಬೇಕು. ನಮ್ಮಲ್ಲಿ ಟಾರ್ಚ್ ಕಾಲುವೆಗೆ ಬೀಳುವುದು ವಿಶೇಷವೇನಲ್ಲ. ಅದಕ್ಕೇ ಎರಡಕ್ಕೂ ವ್ಯತ್ಯಾಸ ಬಿಡಿಸಿ ಬರೆಯಬೇಕು. ಡಬ್ಬಿ ಮೇಲಿದ್ದದ್ದನ್ನು ಹಾಗೇ ಇಳಿಸಿದರೆ ಅದು ಡಬ್ಬಿಯ ರಿವ್ಯೂ. ಹತ್ತು ಮಿಕ್ಸಿಗಳಲ್ಲಿ ಯಾವುದು ಒಳ್ಳೆಯದು ಎಂದು ಪಟ್ಟಿ ಹಾಕುತ್ತಾರಲ್ಲ, ಆ ಹತ್ತರಲ್ಲಿ ಎಷ್ಟರ ಸ್ವಿಚ್ ಒತ್ತಿದ್ದಾರೋ ದೇವರೇ ಬಲ್ಲ.

ಮತ್ತೆ ದುಡ್ಡಿನ ಸೆಳೆತ. ಕಮಿಷನ್ ಎಲ್ಲದಕ್ಕೂ ಒಂದೇ ಅಲ್ಲ. ವಸ್ತುವಿನ ಜಾತಿ ನೋಡಿ ಶೇಕಡಾವಾರು ಬದಲಾಗುತ್ತದೆ, ಬೆಲೆ ಜಾಸ್ತಿ ಇದ್ದರೆ ಪಾಲೂ ಜಾಸ್ತಿ. ಆರು ನೂರರ ಟಾರ್ಚ್ ಸಾಕು ಅನ್ನುವ ಜಾಗದಲ್ಲಿ ಎರಡು ಸಾವಿರದ್ದರ ಕಡೆಗೆ ಕೈ ತಾನಾಗಿ ವಾಲುತ್ತದೆ. ತಕ್ಕಡಿ ತಟ್ಟೆಯ ಅಡಿ ಹುಣಸೆಹಣ್ಣು ಅಂಟಿಸಿದ ಹಾಗೆ, ನಮಗೇ ಕಾಣುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿ ಒಂದೇ. ಯಾರು ಇದನ್ನು ಕೊಳ್ಳಬಾರದು ಅನ್ನುವುದನ್ನು ಮೊದಲು ಬರೆಯುತ್ತೇನೆ. 'ಸಂಜೆ ವೋಲ್ಟೇಜ್ ಬೀಳುವ ಮನೆಯವರು ಈ ಮಿಕ್ಸಿ ತರಬೇಡಿ, ನಮ್ಮಲ್ಲಿ ತೆಂಗಿನಕಾಯಿಗೇ ಏದುಸಿರು ಬಿಟ್ಟಿತು.' ಇಂಥ ಒಂದು ಸಾಲು ಬರೆಯಲಾಗದಿದ್ದರೆ ನಾನು ಆ ವಸ್ತುವನ್ನು ಸಾಕಷ್ಟು ಬಳಸಿಲ್ಲ ಎಂದೇ ಲೆಕ್ಕ. ಮಂಡಿಯಲ್ಲಿ ಚೀಲದ ಬಾಯಲ್ಲಿರುವ ಅಡಿಕೆ ನೋಡಿ ಯಾರಾದರೂ ರೇಟ್ ಹೇಳುತ್ತಾರಾ? ತಳದ್ದನ್ನು ತೆಗೆದು ನೋಡುತ್ತಾರೆ. ರಾಶಿ ಎಂಬ ಒಳ್ಳೆಯ ದರ್ಜೆ ಅಂತ ತಂದದ್ದರಲ್ಲಿ ಕೆಳದರ್ಜೆಯ ಗೊರಬಲು ಎಷ್ಟು ಸೇರಿದೆ ಅಂತ ಅಲ್ಲೇ ಗೊತ್ತಾಗುವುದು.

ಅಂಗಡಿ ತಾಣಗಳಲ್ಲಿ ಗಿರಾಕಿಗಳು ಬರೆದ ರಿವ್ಯೂ ಓದುವಾಗಲೂ ನಾನು ಐದು ನಕ್ಷತ್ರದವನ್ನು ಬಿಟ್ಟು ಮೂರು ನಕ್ಷತ್ರದವನ್ನು ನೋಡುತ್ತೇನೆ. ಒಂದು ನಕ್ಷತ್ರ ಕೊಟ್ಟವರಲ್ಲಿ ಕೆಲವರ ಸಿಟ್ಟು ಕೊರಿಯರ್‌ನವನ ಮೇಲೆ. ಒಂದೇ ವಾರದಲ್ಲಿ ಒಂದೇ ಧಾಟಿಯ ಹೊಗಳಿಕೆ ರಾಶಿ ಬಿದ್ದಿದ್ದರೆ ಅನುಮಾನ ಪಡಿ. 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಇಂಥ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿತು. ಬರೆದವರು ನಿಜವಾದವರೇ ಎಂದು ನೋಡಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಹಾಕಬಾರದು ಎನ್ನುತ್ತದೆ ಅದು. ಬಂದಾಗ ಅದೇನು ಕಡ್ಡಾಯ ಆಗಿರಲಿಲ್ಲ, ಒಪ್ಪಿದವರು ಪಾಲಿಸುವಂಥದ್ದು.

ಆ ಏಪ್ರಿಲ್‌ನ ರಿವ್ಯೂವನ್ನು ನಾನು ಅಳಿಸಿಲ್ಲ. ಲಿಂಕ್ ತೆಗೆದೆ. ಮೇಲೆ ತಾರೀಕು ಹಾಕಿ, 'ಇದನ್ನು ಮಳೆಗಾಲದ ಮೊದಲು ಬರೆದದ್ದು, ದೋಟಿ ಹಿಡಿಯುವವರಿಗೂ ನಟ್ಟಿಯವರಿಗೂ ಆಗುವುದಿಲ್ಲ' ಎಂದು ಸೇರಿಸಿದೆ. ನೂರು ರೂಪಾಯಿ ಚಿಲ್ಲರೆಯನ್ನು ಭಾವನಿಗೆ ಕೊಡಲು ಹೋದರೆ ತಗೊಳ್ಳಲಿಲ್ಲ. ಹೋದ ತಿಂಗಳು ಟಾರ್ಚ್ ಬೇಕು ಅಂತ ಬಂದರು. ಎಷ್ಟು ಸಿಗುತ್ತದೆ ಎಂದು ಕೇಳುವ ಮೊದಲೇ ಹೇಳಿದೆ, ಹದಿನೆಂಟು ರೂಪಾಯಿ. "ಅಷ್ಟೇನಾ!" ಅಂದರು, ಪಾಪ ಅನ್ನುವ ಹಾಗೆ. ಆ ಎರಡು ಕೋಟು ಈಗ ಅವರ ಕೊಟ್ಟಿಗೆ ಹಿಂದೆ ಸೌದೆ ರಾಶಿಯ ಮೇಲೆ ಇವೆ. ಸೌದೆ ಕೈ ಎತ್ತುವುದಿಲ್ಲ, ಬಗ್ಗುವುದೂ ಇಲ್ಲ. ಒಂದು ಹನಿ ಸೋರಿಲ್ಲವಂತೆ.

ನಮಸ್ಕಾರ.